ಮುದ್ದೆ ಬಿಡಬೇಡಿ, ಕಾಳು ಹೆಚ್ಚಿಸಿ: ಹಾಸನದಲ್ಲಿ ಮೈ ಕಟ್ಟುವವರಿಗೆ ಪ್ರೋಟೀನ್ ಅಡುಗೆ

ಜಿಮ್ ಸೇರಿದ ಮೊದಲ ತಿಂಗಳಲ್ಲೇ ಮನೆ ಊಟ ಬಿಟ್ಟುಬಿಡುವ ಹುಡುಗ ಹುಡುಗಿಯರು ಹಾಸನದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮುದ್ದೆ ಹೋಗಿ ಓಟ್ಸ್ ಬರುತ್ತದೆ. ಸಾರು ಹೋಗಿ ಉಪ್ಪು ಖಾರವಿಲ್ಲದ ಬೇಯಿಸಿದ ಕೋಳಿ ಬರುತ್ತದೆ. ಸ್ವಲ್ಪ ದಿನದಲ್ಲೇ ಬಾಯಿ ಕೆಟ್ಟು ಅದೂ ನಿಲ್ಲುತ್ತದೆ, ಜೊತೆಗೆ ಜಿಮ್ಮೂ ನಿಲ್ಲುತ್ತದೆ. ಇಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇಲ್ಲ. ಮೈ ಬೆಳೆಯಲು ಬೇಕಾದ ಕಾಳು, ಮೊಟ್ಟೆ, ಹಾಲು, ಕೋಳಿ, ಮೀನು ಎಲ್ಲವೂ ನಮ್ಮ ಅಡುಗೆಮನೆಯಲ್ಲೇ ಇವೆ. ಸರಿಪಡಿಸಬೇಕಾದ್ದು ಪ್ರಮಾಣವನ್ನು ಮಾತ್ರ.

ಬಸ್ಸಾರು ಮಾಡಿದ ದಿನ ನಿಮ್ಮ ತಟ್ಟೆಯನ್ನೇ ನೋಡಿ. ಎರಡು ಮುದ್ದೆ, ಮೂರು ಸೌಟು ಸಾರು, ಪಕ್ಕದಲ್ಲಿ ನೆಂಚಿಕೊಳ್ಳಲು ಎರಡು ಚಮಚ ಕಾಳಿನ ಪಲ್ಯ. ಕಾಳಿನ ಪ್ರೋಟೀನ್ ಬಹುಪಾಲು ಉಳಿದಿರುವುದು ಪಲ್ಯದ ಆ ಬೆಂದ ಕಾಳಿನಲ್ಲಿ, ಸಾರಿನಲ್ಲಲ್ಲ. ಬಸಿದ ಕಟ್ಟಿನಲ್ಲಿ ರುಚಿಯಿದೆ, ಒಂದಿಷ್ಟು ಲವಣಾಂಶವಿದೆ, ಅಷ್ಟೇ. ಹಿಂದೆ ಹಳ್ಳಿಗಳಲ್ಲಿ ಹುರುಳಿ ಬೇಯಿಸಿ ಕಟ್ಟನ್ನು ಮನೆಯವರು ಸಾರು ಮಾಡಿಕೊಂಡು, ಬೆಂದ ಕಾಳನ್ನು ಎತ್ತಿಗೆ ಹಾಕುತ್ತಿದ್ದರು. ಗದ್ದೆ ಉಳುವ ಎತ್ತಿಗೆ ಯಾವುದು ಬೇಕೆಂದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮೈ ಕಟ್ಟಬೇಕೆನ್ನುವವರು ಆ ಎರಡು ಚಮಚ ಕಾಳನ್ನು ಒಂದು ದೊಡ್ಡ ಬಟ್ಟಲಿಗೆ ಏರಿಸಿ, ಎರಡನೇ ಮುದ್ದೆ ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

ಮೊದಲು ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತಿ ಮಾಂಸಖಂಡ ಬೆಳೆಸುವವರಿಗೆ ಅಷ್ಟು ಸಾಲದು. ಕಿಲೋಗೆ 1.6 ಗ್ರಾಂ ಎಂದಿಟ್ಟುಕೊಳ್ಳಿ. ಮೈಯ ಕೊಬ್ಬು ಇಳಿಸಲು ಊಟ ಕಡಿಮೆ ಮಾಡುವ ದಿನಗಳಲ್ಲಿ 2 ಗ್ರಾಂವರೆಗೆ ಹೋದರೆ ಒಳ್ಳೆಯದು. 70 ಕಿಲೋ ತೂಕದವರಿಗೆ 1.6ರ ಲೆಕ್ಕದಲ್ಲಿ ದಿನಕ್ಕೆ 112 ಗ್ರಾಂ. ಇದನ್ನು ಒಂದೇ ಹೊತ್ತಿಗೆ ತುಂಬಿಕೊಳ್ಳದೆ ದಿನದ ನಾಲ್ಕು ಹೊತ್ತಿಗೆ ಹಂಚಿ. ಹೊತ್ತಿಗೆ 25ರಿಂದ 30 ಗ್ರಾಂ ಬರುತ್ತದೆ.

ನೆನಪಿರಲಿ, ಇದು ಪ್ರೋಟೀನಿನ ತೂಕ, ಪದಾರ್ಥದ ತೂಕವಲ್ಲ. 100 ಗ್ರಾಂ ಕೋಳಿ ಎಂದರೆ 100 ಗ್ರಾಂ ಪ್ರೋಟೀನ್ ಎಂದು ಹೊಸಬರು ತಿಳಿದುಕೊಳ್ಳುವುದುಂಟು. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ, ಕೆಳಗಿನ ಅಂಕಿಗಳನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಎಲ್ಲವೂ ಸುಮಾರು ಲೆಕ್ಕ, ಹಸಿ ಅಥವಾ ಒಣ ಪದಾರ್ಥದ 100 ಗ್ರಾಂಗೆ:

- ಸೋಯಾ ಚಂಕ್ಸ್: 52 ಗ್ರಾಂ
- ಕೆನೆ ತೆಗೆದ ಹಾಲಿನ ಪುಡಿ: 35
- ಕಡ್ಲೆಬೀಜ: 25
- ಹುರುಳಿ, ಅಲಸಂದೆ, ಹೆಸರುಕಾಳು: 22ರಿಂದ 24
- ಚರ್ಮ, ಮೂಳೆ ಇಲ್ಲದ ಕೋಳಿ ಎದೆಮಾಂಸ: 22
- ಹುರಿಗಡಲೆ: 21
- ಮೀನು: 18ರಿಂದ 20
- ಪನೀರ್: 18
- ರಾಗಿ ಹಿಟ್ಟು: 7
- ಹಾಲು, ಮೊಸರು: 3ಕ್ಕಿಂತ ಸ್ವಲ್ಪ ಹೆಚ್ಚು

ಒಂದು ಮೊಟ್ಟೆಗೆ 6 ಗ್ರಾಂ. ಪಟ್ಟಿ ನೋಡಿ ಕಡ್ಲೆಬೀಜ ಕೋಳಿಗಿಂತ ಮೇಲೆಂದು ಖುಷಿಪಡಬೇಡಿ. ಅದರ ಹತ್ತಿರ ಹತ್ತಿರ ಅರ್ಧ ತೂಕ ಎಣ್ಣೆಯೇ. ಪ್ರೋಟೀನಿಗೆಂದು ಕಡ್ಲೆಬೀಜ ಮುಕ್ಕುತ್ತ ಕೂತರೆ ಹೊಟ್ಟೆಯೂ ಬೆಳೆಯುತ್ತದೆ. ಅದನ್ನು ರುಚಿಗೆ ಇಟ್ಟುಕೊಳ್ಳಿ.

ಕಾಳು: ವಾರಕ್ಕೆ ಎರಡು ಸಲ ಬೇಯಿಸಿದರೆ ಸಾಕು

ಭಾನುವಾರ ರಾತ್ರಿ 300 ಗ್ರಾಂ ಅಲಸಂದೆ ಅಥವಾ ಹುರುಳಿ ತೊಳೆದು ನೆನೆಹಾಕಿ. ಬೆಳಿಗ್ಗೆ ನೆನೆದ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿಡಿ. ಅಲಸಂದೆಗೆ ಎರಡು ವಿಷಲ್, ಹುರುಳಿಗೆ ನಾಲ್ಕೈದು. ಕಾಳು ಬೆರಳಲ್ಲಿ ಒತ್ತಿದರೆ ಜಜ್ಜಬೇಕು, ಆದರೆ ಸಿಪ್ಪೆ ಬಿಟ್ಟು ಕರಗಬಾರದು. ಈಗ ಹೆಚ್ಚಿದ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ, ಮುಚ್ಚಳ ತೆರೆದೇ ಐದು ನಿಮಿಷ ಕುದಿಸಿ, ಕಟ್ಟು ಬಸಿದುಕೊಳ್ಳಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಜೀರಿಗೆ, ಮೆಣಸು, ಹುಣಸೆಹಣ್ಣು, ಸ್ವಲ್ಪ ತೆಂಗಿನತುರಿ, ಒಂದು ಸೌಟು ಬೆಂದ ಕಾಳು ಸೊಪ್ಪು ಇಷ್ಟನ್ನು ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ. ಅರಸೀಕೆರೆ ಕಡೆಯವರಿಗೆ ತೆಂಗಿನಕಾಯಿ ವಿಚಾರದಲ್ಲಿ ಕೈ ಬಿಗಿ ಮಾಡಿ ಎಂದರೆ ಬೇಜಾರಾಗಬಹುದು. ಆದರೂ ಪಲ್ಯಕ್ಕೆ ಎರಡು ಚಮಚ ತುರಿ ದಾಟಬೇಡಿ.

300 ಗ್ರಾಂ ಒಣಕಾಳು ಬೆಂದ ಮೇಲೆ 700 ಗ್ರಾಂ ಮೇಲಾಗುತ್ತದೆ. ಅದರಲ್ಲಿ ಸುಮಾರು 66 ಗ್ರಾಂ ಪ್ರೋಟೀನ್ ಇರುತ್ತದೆ. ಮೂರು ಊಟಕ್ಕೆ ಹಂಚಿದರೆ ಊಟಕ್ಕೆ 22 ಗ್ರಾಂ. ಜೊತೆಗೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಇಟ್ಟರೆ ಇನ್ನೊಂದು 7 ಗ್ರಾಂ ಸೇರುತ್ತದೆ. ಮುದ್ದೆ ಬಿಡಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಲೈಸಿನ್ ಹೆಚ್ಚು. ಧಾನ್ಯದಲ್ಲಿ ಲೈಸಿನ್ ಕಡಿಮೆ, ಮೆಥಿಯೊನಿನ್ ಸಾಕಷ್ಟು. ಎರಡನ್ನೂ ಒಂದೇ ದಿನದಲ್ಲಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದಂಶವೂ ಧಾರಾಳ. ಭಾರ ಎತ್ತುವ ದಿನ ಶಕ್ತಿಗೆ ಪಿಷ್ಟ ಬೇಕೇ ಬೇಕು, ಅದು ಮುದ್ದೆಯಿಂದಲೇ ಬರಲಿ.

ಮೊಳಕೆ ಕಟ್ಟಿದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬ ಮಾತು ಜಿಮ್‌ಗಳಲ್ಲಿ ಓಡಾಡುತ್ತದೆ. ಹಾಗಾಗುವುದಿಲ್ಲ. ಕಾಳು ನೀರು ಕುಡಿದು ಉಬ್ಬುತ್ತದೆ, ಆದ್ದರಿಂದ 100 ಗ್ರಾಂ ಮೊಳಕೆಕಾಳಿನಲ್ಲಿ 100 ಗ್ರಾಂ ಒಣಕಾಳಿಗಿಂತ ಕಡಿಮೆ ಪ್ರೋಟೀನ್ ಇರುತ್ತದೆ. ಆದರೆ ಮೊಳಕೆ ಬಂದಾಗ ಫೈಟಿಕ್ ಆಮ್ಲ ಕಡಿಮೆಯಾಗಿ ಕಬ್ಬಿಣ, ಸತು ಮೈಗೆ ಸುಲಭವಾಗಿ ಹತ್ತುತ್ತವೆ. ಹೊಟ್ಟೆಗೂ ಹಗುರ. ಹಾಗಾಗಿ ಮಾಡುವುದು ಒಳ್ಳೆಯದೇ. ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ನಮ್ಮ ಕಡೆ ಮೊಳಕೆ ಬೇಗ ಒಡೆಯುವುದಿಲ್ಲ. ಗಂಟನ್ನು ಹಾಟ್‌ಬಾಕ್ಸಿನೊಳಗಿಟ್ಟು ಮುಚ್ಚಿದರೆ ಮಾರನೇ ದಿನ ಬೆಳಿಗ್ಗೆ ಸರಿಯಾಗಿರುತ್ತದೆ. ಹಸಿ ಮೊಳಕೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ ಎರಡು ನಿಮಿಷವಾದರೂ ಹಬೆಯಲ್ಲಿ ಬೇಯಿಸಿ ತಿನ್ನಿ.

ಅವರೆಕಾಯಿ ಕಾಲ ಬಂದಾಗ ಹಿದುಕಿದಬೇಳೆ ಸಾರು ಯಾರೂ ಬಿಡಬಾರದು. ಹಸಿ ಅವರೆಯಲ್ಲಿ ನೀರಿನಂಶ ಹೆಚ್ಚು, ಅದಕ್ಕೆ ಒಣಕಾಳಿನ ಲೆಕ್ಕ ಹಾಕಬೇಡಿ, ಅಷ್ಟೇ.

ಒಮ್ಮೆಲೇ ಬಟ್ಟಲುಗಟ್ಟಲೆ ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಕಾಳಿನ ಕೆಲವು ಸಕ್ಕರೆಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿ ಗ್ಯಾಸ್ ಆಗುತ್ತವೆ. ನೆನೆಸಿದ ನೀರು ಚೆಲ್ಲಿ ಎಂದಿದ್ದು ಇದಕ್ಕೇ. ಮೊದಲ ವಾರ ಅರ್ಧ ಬಟ್ಟಲು, ಆಮೇಲೆ ಮುಕ್ಕಾಲು, ಹೀಗೆ ಏರಿಸುತ್ತ ಹೋಗಿ. ನೀರು ಚೆನ್ನಾಗಿ ಕುಡಿಯಿರಿ.

ಮೊಟ್ಟೆ: ಹಸಿಯಾಗಿ ಬೇಡ

ಹಾಲಿಗೆ ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯುವುದು ಪೈಲ್ವಾನರ ಕಾಲದಿಂದ ಬಂದ ರೂಢಿ. ದಯವಿಟ್ಟು ಬಿಡಿ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಇದನ್ನು ಅಳೆದು ನೋಡಿದ್ದರು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಶೇ 90ರಷ್ಟು ಜೀರ್ಣವಾದರೆ, ಹಸಿ ಮೊಟ್ಟೆಯದು ಶೇ 50ರ ಆಸುಪಾಸು ಮಾತ್ರ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಬಯೋಟಿನ್ ಎಂಬ ಜೀವಸತ್ವವನ್ನು ಮೈಗೆ ಹತ್ತಗೊಡುವುದಿಲ್ಲ. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ. ನಾಲ್ಕು ಹಸಿ ಮೊಟ್ಟೆ ಕುಡಿದವರಿಗೆ ದಕ್ಕುವುದು ಎರಡು ಮೊಟ್ಟೆಯಷ್ಟೇ ಎಂದಾಯಿತು.

ಬೇಯಿಸುವ ಕ್ರಮ ಇಷ್ಟೇ. ನೀರು ಕುದಿ ಬಂದ ಮೇಲೆ ಸೌಟಿನಲ್ಲಿ ಮೊಟ್ಟೆ ಇಳಿಬಿಡಿ. ಹಾಸನ ಸಮುದ್ರಮಟ್ಟದಿಂದ 950 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಒಂದು ನಿಮಿಷ ಹೆಚ್ಚು ಬೇಕು. 10ರಿಂದ 11 ನಿಮಿಷಕ್ಕೆ ತೆಗೆದು ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರುಗಪ್ಪು ಬಳೆ ಕಂಡರೆ ಹೆಚ್ಚು ಬೆಂದಿದೆ ಎಂದರ್ಥ, ತಿನ್ನಲು ತೊಂದರೆಯಿಲ್ಲ.

ಹಳದಿ ಎಸೆದು ಬಿಳಿ ಮಾತ್ರ ತಿನ್ನುವ ರೂಢಿ ನನಗೆ ಹಿಡಿಸುವುದಿಲ್ಲ. ಮೊಟ್ಟೆಯ ಪ್ರೋಟೀನಿನಲ್ಲಿ ಐದರಲ್ಲಿ ಎರಡು ಪಾಲು ಹಳದಿಯಲ್ಲೇ ಇದೆ. ಜೀವಸತ್ವಗಳೂ ಅಲ್ಲೇ. ಆರೋಗ್ಯವಾಗಿರುವವರು ಮೂರು ಪೂರ್ತಿ ಮೊಟ್ಟೆ ತಿಂದು, ಇನ್ನೂ ಬೇಕಾದರೆ ಎರಡು ಬಿಳಿ ಸೇರಿಸಿಕೊಳ್ಳಿ. ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿ. ಬೆಳಿಗ್ಗೆ ಹೊತ್ತಿಲ್ಲದವರು ರಾಗಿ ರೊಟ್ಟಿ ತಟ್ಟಿ ಕಾವಲಿಯಲ್ಲಿ ಒಂದು ಮಗ್ಗುಲು ಬೆಂದ ಮೇಲೆ ಮಗುಚಿ, ಅದರ ಮೇಲೆ ಈರುಳ್ಳಿ ಹಸಿಮೆಣಸಿನಕಾಯಿ ಹಾಕಿ ಕಲಸಿದ ಎರಡು ಮೊಟ್ಟೆ ಸುರಿದು, ಮುಚ್ಚಳ ಮುಚ್ಚಿ ಬೇಯಿಸಿ. ಸುತ್ತಿಕೊಂಡು ಬಸ್ಸಿನಲ್ಲೇ ತಿನ್ನಬಹುದು.

ಕೋಳಿ, ಮೀನು

ನಾಟಿ ಕೋಳಿಯ ರುಚಿಗೆ ಸಾಟಿಯಿಲ್ಲ. ಆದರೆ ಅದರಲ್ಲಿ ಮೂಳೆ ಹೆಚ್ಚು, ಮಾಂಸ ಕಡಿಮೆ, ಬೆಲೆಯೂ ಜಾಸ್ತಿ. ಅದು ಹಬ್ಬಕ್ಕೆ, ನೆಂಟರಿಗೆ ಇರಲಿ. ವಾರದ ದಿನಗಳಿಗೆ ಫಾರಂ ಕೋಳಿಯ ಸ್ಕಿನ್‌ಲೆಸ್, ಬೋನ್‌ಲೆಸ್ ಎದೆಭಾಗ ತನ್ನಿ. ಮೂಳೆ ಸಮೇತ ತಂದರೆ ತೂಕದಲ್ಲಿ ಮೂರನೇ ಒಂದು ಭಾಗವನ್ನಾದರೂ ಲೆಕ್ಕದಿಂದ ಕಳೆಯಿರಿ.

ಎದೆಮಾಂಸ ಒಣಗಿ ನಾರಾಗುತ್ತದೆ ಎಂಬುದೇ ಎಲ್ಲರ ದೂರು. ಅದಕ್ಕೆ ಮೊಸರು ಮದ್ದು. ಅರ್ಧ ಕಿಲೋ ಮಾಂಸವನ್ನು ದೊಡ್ಡ ನೆಲ್ಲಿಕಾಯಿ ಗಾತ್ರಕ್ಕೆ ಹೆಚ್ಚಿ, ನಾಲ್ಕು ಚಮಚ ಮೊಸರು, ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸವರಿ ಒಂದು ಗಂಟೆ ಬಿಡಿ. ಅಗಲ ಬಾಣಲೆಯಲ್ಲಿ ಎರಡು ಟೀ ಚಮಚ ಎಣ್ಣೆ ಕಾಯಿಸಿ, ಈರುಳ್ಳಿ, ಕರಿಬೇವು ಬಾಡಿಸಿ, ಮಾಂಸ ಹಾಕಿ ದೊಡ್ಡ ಉರಿಯಲ್ಲಿ ಮುಚ್ಚಳವಿಲ್ಲದೆ ಬೇಯಿಸಿ. ಮೊದಲು ನೀರು ಬಿಡುತ್ತದೆ, ಆ ನೀರು ಹಿಂಗುವ ಹೊತ್ತಿಗೆ, ಅಂದರೆ 8ರಿಂದ 10 ನಿಮಿಷಕ್ಕೆ, ಮಾಂಸ ಬೆಂದಿರುತ್ತದೆ. ಒಂದು ತುಂಡು ಮುರಿದು ಒಳಗೆ ಕೆಂಪಿಲ್ಲ ಎಂದು ನೋಡಿಕೊಳ್ಳಿ. ಕೊನೆಗೆ ಸಕಲೇಶಪುರದ ಕಡೆಯ ಕರಿಮೆಣಸು ಒಂದೂವರೆ ಚಮಚ ತರಿತರಿಯಾಗಿ ಕುಟ್ಟಿ ಉದುರಿಸಿ, ಒಲೆ ಆರಿಸಿ ನಿಂಬೆರಸ ಹಿಂಡಿ. ಮೆಣಸನ್ನು ಮೊದಲೇ ಹಾಕಿದರೆ ಘಮ ಹೋಗಿ ಕಾರ ಮಾತ್ರ ಉಳಿಯುತ್ತದೆ. ಇದು ಮೂರು ಹೊತ್ತಿಗಾಗುತ್ತದೆ, ಹೊತ್ತಿಗೆ 36 ಗ್ರಾಂ ಪ್ರೋಟೀನ್. ಪಕ್ಕಕ್ಕೆ ಹಾಸನದ್ದೇ ಆಲೂಗಡ್ಡೆ ಎರಡು ಬೇಯಿಸಿಟ್ಟುಕೊಂಡರೆ ವ್ಯಾಯಾಮದ ನಂತರದ ಊಟ ಪೂರ್ತಿಯಾಯಿತು.

ಮೀನು ನಮ್ಮಲ್ಲಿ ಎರಡು ದಿಕ್ಕಿನಿಂದ ಬರುತ್ತದೆ. ಗೊರೂರಿನ ಹೇಮಾವತಿ ಹಿನ್ನೀರಿನ ಕಟ್ಲ, ರೋಹು ಒಂದು ಕಡೆ. ಶಿರಾಡಿ ಘಾಟಿ ಹತ್ತಿ ಮಂಗಳೂರಿನಿಂದ ಬರುವ ಬಂಗುಡೆ, ಬೂತಾಯಿ ಇನ್ನೊಂದು ಕಡೆ. ಸಮುದ್ರದ ಈ ಎರಡರಲ್ಲಿ ಒಮೆಗಾ 3 ಕೊಬ್ಬೂ ಇದೆ, ಬೆಲೆಯೂ ಕೈಗೆಟಕುತ್ತದೆ. ಎಣ್ಣೆಯಲ್ಲಿ ಮುಳುಗಿಸದೆ ಖಾರ ಸವರಿ ಕಾವಲಿಯಲ್ಲಿ ಹುರಿದುಕೊಳ್ಳಿ.

ಸೋಮವಾರ, ಶನಿವಾರ ಮತ್ತು ಶ್ರಾವಣ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ ಬಾಡೂಟವಿಲ್ಲ. ಶ್ರಾವಣ ಬಂತೆಂದರೆ ತಿಂಗಳಿಡೀ ಇಲ್ಲ. ಆ ದಿನಗಳಲ್ಲಿ ಪ್ರೋಟೀನ್ ಅರ್ಧಕ್ಕಿಳಿಯುತ್ತದೆ ಎಂದು ಕೊರಗುವವರಿಗೆ, ವರ್ಷವಿಡೀ ಸಸ್ಯಾಹಾರಿಗಳಾದವರಿಗೆ ಸೋಯಾ ಚಂಕ್ಸ್ ದೊಡ್ಡ ಆಸರೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವುದರಿಂದ ಪ್ರೋಟೀನ್ ಅಷ್ಟೊಂದು, ಕೊಬ್ಬು ಅತ್ಯಲ್ಪ. ಬಹಳ ಜನ ವಾಸನೆಗೆ ಹೆದರಿ ಬಿಡುತ್ತಾರೆ. ಅದು ಸರಿಯಾಗಿ ಹಿಂಡದೆ ಇರುವುದರಿಂದ ಬರುವ ವಾಸನೆ.

ಕೈಮ ಉಂಡೆ ಸಾರು ಗೊತ್ತಿರುವವರಿಗೆ ಇದನ್ನು ಹೇಳಿಕೊಡುವುದೇ ಬೇಡ. 100 ಗ್ರಾಂ ಚಂಕ್ಸನ್ನು ಉಪ್ಪು ಹಾಕಿ ಕುದಿಸಿದ ನೀರಿಗೆ ಹಾಕಿ, ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ನೀರು ಬಸಿದು, ತಣ್ಣೀರು ಹಾಕಿ, ಹಿಡಿ ಹಿಡಿಯಾಗಿ ತೆಗೆದು ಎರಡು ಅಂಗೈ ನಡುವೆ ಗಟ್ಟಿಯಾಗಿ ಹಿಂಡಿ. ಮೊದಲ ಸಲ ಹಳದಿ ನೊರೆನೀರು ಬರುತ್ತದೆ. ಇನ್ನೆರಡು ಸಲ ತಣ್ಣೀರಿನಲ್ಲಿ ಅದ್ದಿ ಹಿಂಡಿದರೆ ನೀರು ತಿಳಿಯಾಗಿ ವಾಸನೆ ಹೋಗಿರುತ್ತದೆ. ಈಗ ಮಿಕ್ಸಿಯಲ್ಲಿ ನೀರು ಹಾಕದೆ ಎರಡು ಸುತ್ತು ತಿರುಗಿಸಿ, ಕೈಮದಂತೆ ಉದುರಾಗಿರಲಿ, ನುಣ್ಣಗಾಗಬಾರದು. 50 ಗ್ರಾಂ ಹುರಿಗಡಲೆ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ ಬೆಳ್ಳುಳ್ಳಿ, ಚಕ್ಕೆ ಲವಂಗದ ಪುಡಿ, ಉಪ್ಪು ಹಾಕಿ ಕಲಸಿ ಹನ್ನೆರಡು ಉಂಡೆ ಕಟ್ಟಿ. ನೇರವಾಗಿ ಸಾರಿಗೆ ಬಿಟ್ಟರೆ ಒಡೆಯುತ್ತವೆ, ಆದ್ದರಿಂದ ಇಡ್ಲಿ ತಟ್ಟೆಯಲ್ಲಿಟ್ಟು 12 ನಿಮಿಷ ಹಬೆಯಲ್ಲಿ ಬೇಯಿಸಿ. ಒಂದೊಂದು ಉಂಡೆಗೆ 5 ಗ್ರಾಂ ಪ್ರೋಟೀನ್. ಐದು ಉಂಡೆ ಕುದಿಯುವ ಮಸಾಲೆ ಸಾರಿಗೆ ಹಾಕಿ ಮುದ್ದೆ ಜೊತೆ ಉಣ್ಣಿ. ಉಳಿದದ್ದನ್ನು ಮಾರನೇ ದಿನ ಕಾವಲಿಯಲ್ಲಿ ಕೆಂಪಗೆ ಹುರಿದು ತಿನ್ನಿ. ದಿನಕ್ಕೆ 50 ಗ್ರಾಂ ಒಣ ಚಂಕ್ಸ್ ಸಾಕು, ಉಳಿದ ಪ್ರೋಟೀನ್ ಬೇರೆ ಬೇರೆ ಕಡೆಯಿಂದ ಬರಲಿ.

ಪನೀರ್ ಮನೆಯಲ್ಲೇ ಸುಲಭ. ನಂದಿನಿ ನೀಲಿ ಪ್ಯಾಕೆಟ್ ಹಾಲು ಒಂದು ಲೀಟರ್ ಕುದಿಸಿ, ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಬಸಿದು ಭಾರ ಹೇರಿ. ಒಡೆದ ನೀರನ್ನು ಚೆಲ್ಲದೆ ರೊಟ್ಟಿ ಹಿಟ್ಟು ಕಲಸಲು ಬಳಸಿ, ಅದರಲ್ಲೂ ಒಂದಿಷ್ಟು ಪ್ರೋಟೀನ್ ಉಳಿದಿರುತ್ತದೆ. ಹೆಸರುಕಾಳು ದೋಸೆಯೊಳಗೆ ಈ ಪನೀರ್ ಪುಡಿ ಮಾಡಿ ತುಂಬಿದರೆ ಒಳ್ಳೆಯ ತಿಂಡಿ. 100 ಗ್ರಾಂ ಹೆಸರುಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಜೊತೆ ರುಬ್ಬಿ ತಕ್ಷಣ ಹುಯ್ಯಬಹುದು, ಹುಳಿ ಬರಿಸಬೇಕಿಲ್ಲ.

ಶ್ರವಣಬೆಳಗೊಳದ ಕಡೆ ಜೈನ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರಿದ್ದಾರೆ. ಅವರು ಸಂಜೆ ಜಿಮ್ ಇಟ್ಟುಕೊಂಡರೆ ಆಮೇಲೆ ಏನೂ ತಿನ್ನುವ ಹಾಗಿಲ್ಲ. ಬೆಳಗಿನ ವ್ಯಾಯಾಮಕ್ಕೆ ಬದಲಾಯಿಸಿಕೊಂಡು, ಪ್ರೋಟೀನನ್ನು ಹಗಲಿನ ಮೂರು ಹೊತ್ತಿಗೆ ಹಂಚಿಕೊಳ್ಳುವುದು ಅನುಕೂಲ.

ಜೇಬಿನಲ್ಲಿಟ್ಟುಕೊಳ್ಳುವ ತಂಬಿಟ್ಟು

ಅಂಗಡಿಯ ಪ್ರೋಟೀನ್ ಬಾರಿಗೆ ದುಡ್ಡು ಸುರಿಯುವ ಬದಲು ತಂಬಿಟ್ಟನ್ನೇ ಸ್ವಲ್ಪ ತಿದ್ದಿ. 200 ಗ್ರಾಂ ಹುರಿಗಡಲೆ ನುಣ್ಣಗೆ ಪುಡಿ ಮಾಡಿ. 100 ಗ್ರಾಂ ಹುರಿದ ಕಡ್ಲೆಬೀಜ, 50 ಗ್ರಾಂ ಹುರಿದ ಎಳ್ಳು ತರಿಯಾಗಿ ಪುಡಿ ಮಾಡಿ. ಇವಕ್ಕೆ 100 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ, ಏಲಕ್ಕಿ ಸೇರಿಸಿ. 150 ಗ್ರಾಂ ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಕರಗಿಸಿ, ಸೋಸಿ, ಕೈಗೆ ಅಂಟುವಷ್ಟು ಕುದಿಸಿ ಸುರಿದು, ಬಿಸಿ ಇರುವಾಗಲೇ ಹದಿನೆಂಟು ಉಂಡೆ ಕಟ್ಟಿ. ಉಂಡೆಗೆ ಸುಮಾರು 6 ಗ್ರಾಂ ಪ್ರೋಟೀನ್. ಇದರಲ್ಲಿ ಬೆಲ್ಲವೂ ಎಣ್ಣೆಯಂಶವೂ ಇರುವುದರಿಂದ ದಿನಕ್ಕೆ ಎರಡು ಸಾಕು, ಕೊಬ್ಬು ಇಳಿಸುತ್ತಿರುವವರಿಗೆ ಒಂದು. ಜಿಮ್‌ಗೆ ಒಂದು ಗಂಟೆ ಮುಂಚೆ ತಿಂದರೆ ಭಾರ ಎತ್ತುವಾಗ ಸುಸ್ತಾಗುವುದಿಲ್ಲ.

70 ಕಿಲೋ ತೂಕದವರ ಒಂದು ದಿನ

ಬೆಳಿಗ್ಗೆ ಮೂರು ಮೊಟ್ಟೆ, ಎರಡು ಚಿಕ್ಕ ರಾಗಿ ರೊಟ್ಟಿ, ಒಂದು ಲೋಟ ಹಾಲು: 30 ಗ್ರಾಂ. ಮಧ್ಯಾಹ್ನ ಒಂದು ಮುದ್ದೆ, ಬಸ್ಸಾರು, ಒಂದು ಬಟ್ಟಲು ತುಂಬ ಕಾಳಿನ ಪಲ್ಯ, ಸಣ್ಣ ಬಟ್ಟಲು ಮೊಸರು: 32 ಗ್ರಾಂ. ಸಂಜೆ ಎರಡು ತಂಬಿಟ್ಟು: 12. ರಾತ್ರಿ ಮೆಣಸಿನ ಕೋಳಿ, ಸ್ವಲ್ಪ ಅನ್ನ, ಸೌತೆಕಾಯಿ: 40. ಒಟ್ಟು 114. ಒಂದು ಚಮಚ ಪ್ರೋಟೀನ್ ಪುಡಿಯನ್ನೂ ಕೊಳ್ಳದೆ ಗುರಿ ಮುಟ್ಟಿತು. ಸಸ್ಯಾಹಾರಿಗಳು ಬೆಳಿಗ್ಗೆ ಪನೀರ್ ತುಂಬಿದ ಹೆಸರುಕಾಳು ದೋಸೆ, ರಾತ್ರಿ ಸೋಯಾ ಉಂಡೆ ಇಟ್ಟುಕೊಂಡರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ.

ವೇ ಪುಡಿ ವಿಷವೇನಲ್ಲ. ಚೀಸ್ ಮಾಡುವಾಗ ಉಳಿಯುವ ಹಾಲಿನ ನೀರಿನಿಂದಲೇ ಅದು ತಯಾರಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಸಿಗದ ಕೆಲಸದಲ್ಲಿರುವವರಿಗೆ ಅನುಕೂಲವೂ ಹೌದು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ. ಊಟದ ಲೆಕ್ಕ ಮೊದಲು ಸರಿಮಾಡಿಕೊಳ್ಳಿ, ಆಮೇಲೂ ಕೊರತೆ ಉಳಿದರೆ ಆ ಯೋಚನೆ ಮಾಡಿ. ಕಿಡ್ನಿ ತೊಂದರೆ ಇರುವವರು ಪುಡಿಯಷ್ಟೇ ಅಲ್ಲ, ಊಟದ ಪ್ರೋಟೀನ್ ಹೆಚ್ಚಿಸುವುದಕ್ಕೂ ಮೊದಲು ಡಾಕ್ಟರ ಬಳಿ ಹೋಗಲೇಬೇಕು.

ಮಾಡಿಟ್ಟದ್ದನ್ನು ಎಷ್ಟು ದಿನ ಇಡಬಹುದು ಎಂಬುದೂ ಮುಖ್ಯ. ಬೆಂದ ಕೋಳಿ, ಕಾಳು, ಸೋಯಾ ಉಂಡೆ ಫ್ರಿಜ್ಜಿನಲ್ಲಿ ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ. ಎರಡು ಹೊತ್ತಿನದನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ತಿನ್ನುವಷ್ಟನ್ನೇ ಬಿಸಿ ಮಾಡಿ. ಕಾಲೇಜಿಗೆಂದು ಬಂದು ರೂಮು ಮಾಡಿಕೊಂಡು ಫ್ರಿಜ್ ಇಲ್ಲದೆ ಇರುವವರಿಗೆ ಹುರಿಗಡಲೆ, ಸೋಯಾ, ಹಸಿ ಮೊಟ್ಟೆ, ಹಾಲಿನ ಪುಡಿ ಹೊರಗೇ ಇಡಬಹುದಾದ ಪದಾರ್ಥಗಳು. ಬೇಯಿಸಿದ ಮೊಟ್ಟೆಯನ್ನು ಸುಲಿಯದೆ ಒಯ್ದು ಅದೇ ಹೊತ್ತಿನ ಊಟಕ್ಕೆ ಮುಗಿಸಿ. ಹಾಲಿಗೆ ನಂದಿನಿ ಗುಡ್‌ಲೈಫ್ ಪ್ಯಾಕೆಟ್ ತನ್ನಿ. ಕತ್ತರಿಸುವವರೆಗೆ ಅದು ಹೊರಗೆ ಕೆಡುವುದಿಲ್ಲ. ಕತ್ತರಿಸಿದ ಮೇಲೆ ಮಾತ್ರ ಕಾಯಿಸಿ ಆ ದಿನವೇ ಕುಡಿದು ಮುಗಿಸಿ.